ಐವತ್ತಾರು ಅಡಿ ಎರಡು ಅಂಗುಲ

ಅವೆಲಿನೊ ರಪೋಸೊ ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಏಳು ಋತುಗಳ ಕಾಲ ಡಿಫೆಂಡರ್ ಆಗಿ ಆಡಿದ. ನಾಲ್ಕು ಊರು, ನಾಲ್ಕು ತಂಡ, ನೂರ ಅರವತ್ತೊಂದು ಪಂದ್ಯ. ಹೊಡೆದ ಗೋಲು ಎರಡು. ಅವನ ತಪ್ಪಿನಿಂದ ಎದುರಾಳಿಗೆ ಸಿಕ್ಕ ಪೆನಾಲ್ಟಿ ಒಂದೂ ಇಲ್ಲ. ಆದರೆ ನಮ್ಮ ಊರು ಫಾಲ್ ರಿವರ್‌ನಲ್ಲಿ ಅವನ ಹೆಸರೆತ್ತಿದರೆ ಜನಕ್ಕೆ ನೆನಪಾಗುವುದು ಒಂದು ಪೆನಾಲ್ಟಿಯೇ.

ಅದು ನಡೆದದ್ದು ಅವನು ವೃತ್ತಿ ಬಿಟ್ಟು ಊರಿಗೆ ಮರಳಿದ ಮೇಲೆ, ೧೯೮೫ರಲ್ಲಿ. ನಮ್ಮ ಪೋರ್ಚುಗೀಸರ ಕ್ಲಬ್ಬು ರಾಜ್ಯ ಕಪ್ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಬಂದಿತ್ತು, ಅದೂ ನಮ್ಮದೇ ಮೈದಾನದಲ್ಲಿ. ಎಂಬತ್ತೆಂಟನೇ ನಿಮಿಷದವರೆಗೆ ಎರಡೂ ಕಡೆ ಗೋಲಿಲ್ಲ. ಆಗ ಎದುರಾಳಿ ನ್ಯೂ ಬೆಡ್‌ಫರ್ಡ್‌ನ ಹುಡುಗನೊಬ್ಬ ಚೆಂಡು ತಳ್ಳಿಕೊಂಡು ನುಗ್ಗಿದ. ಲಿನೊ, ಅವನನ್ನು ನಾವೆಲ್ಲ ಕರೆಯುವುದು ಹಾಗೆ, ಕಾಲು ಚಾಚಿದ. ಚೆಂಡು ತಪ್ಪಿತು, ಕಾಲು ಹುಡುಗನ ಕಾಲಿಗೆ ತಗುಲಿತು. ಹುಡುಗ ಬಿದ್ದದ್ದು ಪೆನಾಲ್ಟಿ ಚೌಕದ ಗೆರೆಗೆ ಒಂದೇ ಅಡಿ ಒಳಗೆ ಎಂದು ರೆಫರಿ ಬೆರಳು ತೋರಿಸಿದ. ಪೆನಾಲ್ಟಿ, ಗೋಲು, ಮುಗಿಯಿತು. ಕ್ಲಬ್ಬು ಮತ್ತೆಂದೂ ಅಷ್ಟು ದೂರ ಹೋಗಲಿಲ್ಲ.

ಕ್ಲಬ್ಬಿನಲ್ಲಿ ಭಾನುವಾರದ ಕೇಲ್ ಸೊಪ್ಪಿನ ಸಾರು ಬಡಿಸುವವಳು ಇಡಾಲಿನಾ. ಮೂವತ್ತನಾಲ್ಕು ವರ್ಷವಾದರೂ ಅವನನ್ನು ಆಡಿಕೊಳ್ಳುವುದನ್ನು ಅವಳು ಬಿಟ್ಟಿಲ್ಲ.

"ಲಿನೊ, ಕಾಲು ಮೇಜಿನ ಕೆಳಗೇ ಇಟ್ಕೊಳೋ ಮಾರಾಯ! ಸಾರು ತರೋವ್ರು ಬೀಳ್ತಾರೆ, ಆಮೇಲೆ ಪೆನಾಲ್ಟಿ ಅಂತಾರೆ!"

"ಬೀಳೋ ಹಾಗಿದ್ರೆ ಸ್ವಲ್ಪ ಆ ಕಡೆ ಹೋಗಿ ಬೀಳು ಇಡಾಲಿನಾ, ಗೆರೆ ಹೊರಗೆ," ಎನ್ನುತ್ತಿದ್ದ ಲಿನೊ. ಎಲ್ಲರೂ ನಗುತ್ತಿದ್ದರು, ಅವನೂ.

ನಗದವರು ಒಬ್ಬರೇ, ಅವನ ತಂದೆ ಟಿಬೂರ್ಸಿಯೊ. ದಾರದ ಗಿರಣಿಯಲ್ಲಿ ದುಡಿದು ನಿವೃತ್ತರಾದ ಅವರಿಗೆ ೨೦೧೯ರಲ್ಲಿ ತೊಂಬತ್ತೆರಡು. ಆ ಮೈದಾನಕ್ಕೆ ನಲವತ್ತು ವರ್ಷ ಸುಣ್ಣದ ಗೆರೆ ಎಳೆದವರು ಅವರೇ.

"ಕುರುಡನಿಗೂ ಕಾಣೋ ಹಾಗೆ ಎಳೆದಿದ್ದೆ. ಇವನಿಗೆ ಕಾಣ್ಲಿಲ್ಲ," ಎನ್ನುತ್ತಿದ್ದರು ಬ್ರೆಡ್ಡು ಮುರಿಯುತ್ತ.

"ಹೌದಪ್ಪ, ಕಾಣ್ಲಿಲ್ಲ," ಎನ್ನುತ್ತಿದ್ದ ಮಗ.

ವೃತ್ತಿಯ ದಿನಗಳ ಬಗ್ಗೆ ಲಿನೊ ಮಾತಾಡುವುದು ಕಡಿಮೆ. ಮಾತಾಡಿದಾಗ ಕನಸು ಹೇಳುವವನ ಹಾಗೆ ಹೇಳುತ್ತಾನೆ. ವಿಮಾನ ಇಳಿದರೆ ಒಂದು ಊರು, ಮತ್ತೆ ಹತ್ತಿ ಇಳಿದರೆ ಇನ್ನೊಂದು. ಅರವತ್ತು ಸಾವಿರ ಆಸನಗಳ ಮೈದಾನದಲ್ಲಿ ಐದು ಸಾವಿರ ಜನ. ಖಾಲಿ ಆಸನಗಳು ಬಿಸಿಲಿಗೆ ಕೆರೆಯ ನೀರಿನಂತೆ ಮಿನುಗುತ್ತಿದ್ದವಂತೆ. ಒಂದು ಬೇಸಿಗೆ ಮುಗಿಸಿ ಬಟ್ಟೆ ಗಂಟು ಕಟ್ಟುವಷ್ಟರಲ್ಲಿ ತಂಡವೇ ಇರುತ್ತಿರಲಿಲ್ಲ. ಆಡಿದ ನಾಲ್ಕರಲ್ಲಿ ಮೂರು ಹಾಗೆ ಮುಚ್ಚಿದವು. ಯಾವ ಊರಿನ ಹುಲ್ಲು ಯಾವುದು ಎಂದು ಈಗ ಅವನಿಗೆ ಗೊತ್ತಾಗುವುದಿಲ್ಲ. ಎಲ್ಲ ಸೇರಿ ಒಂದೇ ಉದ್ದದ ಹಸಿರು, ಅದರ ಮೇಲೆ ತೇಲುವ ಬಿಳಿ ಚೌಕ, ಅದರ ಅಂಚಿನಲ್ಲಿ ಅವನು. ಎದುರಿನಿಂದ ಯಾರೋ ಓಡಿ ಬರುತ್ತಲೇ ಇರುತ್ತಾರೆ. ಸದ್ದು ಮಾತ್ರ ಇರುವುದಿಲ್ಲ.

೨೦೧೯ರ ವಸಂತದಲ್ಲಿ ನಗರಸಭೆ ಆ ಮೈದಾನದ ಹುಲ್ಲು ತೆಗೆದು ಪ್ಲಾಸ್ಟಿಕ್ ಹಾಸು ಹಾಕಲು ನಿರ್ಧರಿಸಿತು. ನಾನು ನಗರದ ಅಳತೆ ಕಚೇರಿಯಲ್ಲಿದ್ದೆ. ಅಗೆಯುವ ಮೊದಲಿನ ಅಳತೆ ನನ್ನ ಪಾಲಿಗೆ ಬಂತು. ಕ್ಲಬ್ಬಿಗೆ ನೂರು ವರ್ಷ ತುಂಬುತ್ತಿತ್ತು. ಅದರ ನೆನಪಿನ ಪುಸ್ತಕಕ್ಕೆ ಲಿನೊನ ಬಗ್ಗೆ ಅರ್ಧ ಪುಟ ಬರೆಯುವ ಕೆಲಸವೂ ನನ್ನದೇ ಆಗಿತ್ತು.

ಪ್ರತಿ ವರ್ಷ ಹೊಸದಾಗಿ ಅಳೆಯಬೇಕಾಗಬಾರದೆಂದು ಟಿಬೂರ್ಸಿಯೊ ೧೯೬೯ರಲ್ಲಿ ಪೆನಾಲ್ಟಿ ಚೌಕಗಳ ಮೂಲೆಗಳಲ್ಲಿ ಕಬ್ಬಿಣದ ಗೂಟ ಹೂತಿದ್ದರು. ಲೋಹ ಹುಡುಕುವ ಯಂತ್ರಕ್ಕೆ ಅವು ಸಿಕ್ಕವು. ಗೋಲಿನ ಗೆರೆಯಿಂದ ಚೌಕದ ಅಂಚಿಗೆ ಐವತ್ತನಾಲ್ಕು ಅಡಿ ಇರಬೇಕು. ನನ್ನ ಟೇಪು ಐವತ್ತಾರು ಅಡಿ ಎರಡು ಅಂಗುಲ ತೋರಿಸಿತು. ಮೂರು ಸಲ ಅಳೆದೆ. ಬೇರೆ ಟೇಪು ತಂದು ಮತ್ತೆ ಅಳೆದೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅವರ ಅಳತೆಯ ಹಗ್ಗ ಗಿರಣಿಯಿಂದ ತಂದ ಹತ್ತಿಯದು, ಗಂಟು ಹಾಕಿ ಗುರುತು ಮಾಡಿದ್ದು. ವರ್ಷ ವರ್ಷ ಬಿಗಿದೆಳೆದ ಹತ್ತಿ ಹಗ್ಗ ಹಿಗ್ಗುತ್ತದೆ. ಗೂಟ ಹೂಳುವ ಹೊತ್ತಿಗೆ ಅದು ಎರಡು ಅಡಿಗೂ ಮಿಕ್ಕಿ ಹಿಗ್ಗಿತ್ತು. ಅಂದರೆ ೧೯೮೫ರಲ್ಲಿ ಆ ಹುಡುಗ ಬಿದ್ದದ್ದು ಟಿಬೂರ್ಸಿಯೊ ಎಳೆದ ಗೆರೆಯ ಒಳಗೆ. ನಿಜವಾದ ಗೆರೆಯ ಹೊರಗೆ. ಅದು ಪೆನಾಲ್ಟಿಯೇ ಅಲ್ಲ.

ಮರುದಿನ ಬೆಳಿಗ್ಗೆ ಲಿನೊನನ್ನು ಕರೆಸಿದೆ. ನದಿಯ ಮಂಜು ಮೈದಾನದ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಗೂಟ ತೋರಿಸಿದೆ, ಅಂಕಿ ಹೇಳಿದೆ. ಅವನು ಬೆರಗಾಗುತ್ತಾನೆ ಎಂದುಕೊಂಡಿದ್ದೆ.

"ಎರಡಡಿ ಎರಡಂಗುಲಾನಾ? ನಾನು ಎರಡಡಿ ಅಂದ್ಕೊಂಡಿದ್ದೆ," ಎಂದ.

"ನಿಂಗೆ ಗೊತ್ತಿತ್ತಾ?"

"ಸೋತ ಮಾರನೇ ದಿನ ಬೆಳಿಗ್ಗೆ ಬಂದು ಹೆಜ್ಜೆ ಹಾಕಿ ನೋಡಿದೆ. ಹನ್ನೊಂದನೇ ವಯಸ್ಸಿಂದ ಈ ಚೌಕದಲ್ಲೇ ಬೆಳೆದೋನು ನಾನು. ಹೊರಗೆ ಆಡೋಕೆ ಹೋದಾಗ ಎಲ್ಲಾ ಊರಿನ ಚೌಕಾನೂ ಚಿಕ್ಕದು ಅನ್ಸೋದು. ಗೆರೆಗೆ ಎರಡಡಿ ಮುಂಚೇನೇ ಚೆಂಡು ಕಿತ್ಕೋತಿದ್ದೆ. ಕೋಚುಗಳು ಹೊಗಳಿದ್ದೇ ಹೊಗಳಿದ್ದು, ಇವನಷ್ಟು ಎಚ್ಚರದೋನು ಇಲ್ಲ ಅಂತ. ಎಚ್ಚರ ಅಲ್ಲ ಕಣೋ, ಅಪ್ಪನ ಹಗ್ಗ."

"ಮತ್ತೆ ಅವತ್ತು?"

"ಏಳು ವರ್ಷದಲ್ಲಿ ಕಾಲು ಸರಿಯಾದ ಅಳತೆ ಕಲಿತುಬಿಟ್ಟಿತ್ತು. ಹೊರಗಿದ್ದೀನಿ ಅಂತ ಗ್ಯಾರಂಟಿ ಇತ್ತು. ಅದಕ್ಕೇ ಚಾಚಿದೆ."

ನಾನು ಪುಸ್ತಕದಲ್ಲಿ ಇದನ್ನು ಬರೆಯುತ್ತೇನೆ ಎಂದೆ. ಅಳತೆ ಇದೆ, ಗೂಟ ಇದೆ. ಇನ್ನು ಯಾರೂ ಅವನನ್ನು ಆಡಿಕೊಳ್ಳುವಂತಿಲ್ಲ ಎಂದೆ. ಅವನು ಗೂಟದ ತಲೆಯ ಮಣ್ಣನ್ನು ಬೂಟಿನಿಂದ ಒರೆಸುತ್ತ ನಿಂತ.

"ಆಡ್ಕೊಳೋದು ನಿಲ್ಲಲ್ಲ. ಹೋಗಿ ಅಪ್ಪನ ತಲೆ ಮೇಲೆ ಕೂರುತ್ತೆ. ನಂಗಾದ್ರೆ ಏಳು ವರ್ಷದ ಆಟ ಇದೆ ಹೇಳ್ಕೊಳೋಕೆ. ಅವರಿಗಿರೋದು ಈ ಗೆರೆ ಒಂದೇ."

ನನಗೆ ಒಪ್ಪಿಗೆಯಾಗಲಿಲ್ಲ. ತಪ್ಪು ಅಂಕಿಯನ್ನು ತಿಳಿದೂ ಬಿಟ್ಟುಬಿಡುವುದು ನನ್ನ ಕೆಲಸದಲ್ಲಿ ಇಲ್ಲ. ವಾದ ನಡೆಯುತ್ತಿರುವಾಗಲೇ ಇಡಾಲಿನಾಳ ಕಾರು ಬಂತು. ಗೂಟಗಳನ್ನು ಅಗೆದು ತೆಗೆಯುವ ಮೊದಲು ಒಮ್ಮೆ ನೋಡಬೇಕೆಂದು ಟಿಬೂರ್ಸಿಯೊ ಅವಳ ಹಿಂದೆ ಬಿದ್ದಿದ್ದರಂತೆ. ಗಾಲಿ ಕುರ್ಚಿಯನ್ನು ಅವಳು ಹುಲ್ಲಿನ ಮೇಲೆ ತಳ್ಳಿಕೊಂಡು ಬರುವಾಗ ಗಾಲಿಗಳು ಮಂಜಿನಲ್ಲಿ ಮುಳುಗಿ, ಮುದುಕರು ದೋಣಿಯಲ್ಲಿ ಕೂತು ಬಂದಂತೆ ಕಂಡರು.

"ಅಳತೆಯವ್ನೇ! ನನ್ನ ಗೂಟ ಅಲ್ಲಾಡಿಲ್ಲ ತಾನೆ?"

"ಕೂದಲೆಳೆಯಷ್ಟೂ ಇಲ್ಲ," ಎಂದೆ. ಅದು ನಿಜ.

"ಟೇಪು ಹಿಡಿ. ಎಷ್ಟಿದೆ ನೋಡಿ ಹೇಳು. ಎಲ್ರೂ ಕೇಳ್ಲಿ."

ನಾನು ಗೋಲಿನ ಗೆರೆಯ ಕಡೆ ಹೋಗಿ ಟೇಪಿನ ತುದಿ ಹಿಡಿದೆ. ಗೂಟದ ಕಡೆಯ ತುದಿಯನ್ನು ಲಿನೊ ಎತ್ತಿಕೊಂಡ. ಅಂಕಿ ಓದಬೇಕಾದವನು ಅವನು. ಅವನು ಮಂಡಿಯೂರಿ ಬಾಗಿದಾಗ ಮಂಜು ಎದೆಯವರೆಗೆ ಬಂತು. ಅವನು ಓದಲು ತೆಗೆದುಕೊಂಡ ಸಮಯ ಬೇಕಾದ್ದಕ್ಕಿಂತ ಹೆಚ್ಚು. ಒಮ್ಮೆ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯಬಹುದಾಗಿತ್ತು.

"ಐವತ್ತನಾಲ್ಕು ಅಡಿ," ಎಂದ ಲಿನೊ.

"ಅಂಗುಲ?"

"ಅಂಗುಲ ಇಲ್ಲಪ್ಪ. ಸರಿಯಾಗಿ ಐವತ್ತನಾಲ್ಕು."

"ಹಾಗಾದ್ರೆ ನೀನು ಒಳಗಿದ್ದೆ."

"ಒಳಗೇ ಇದ್ದೆ."

ಟಿಬೂರ್ಸಿಯೊ ಬಹಳ ಹೊತ್ತು ಗೂಟ ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. ಇಷ್ಟು ವರ್ಷ ತಮ್ಮ ಗೆರೆಯ ಬಗ್ಗೆ ಅವರೂ ಒಳಗೊಳಗೇ ಅನುಮಾನದಲ್ಲಿ ಇದ್ದರೇನೋ ಎಂದು ನನಗೆ ಹೊಳೆದದ್ದು ಆಗ. ಕೈ ಚಾಚಿ ಮಗನನ್ನು ಹತ್ತಿರ ಕರೆದು, ಅವನ ನರೆತ ತಲೆಯನ್ನು ಹಿಡಿದುಕೊಂಡರು.

"ಎಂಬತ್ತೆಂಟು ನಿಮಿಷ ಒಬ್ಬನೂ ನಿನ್ನ ದಾಟ್ಲಿಲ್ಲ ಕಣೋ. ನಾನು ಇಲ್ಲೇ ನಿಂತು ನೋಡ್ತಿದ್ದೆ. ಒಬ್ಬನೂ ದಾಟ್ಲಿಲ್ಲ."

ಇದನ್ನು ಅವರು ಈವರೆಗೆ ಹೇಳಿರಲಿಲ್ಲ. ಲಿನೊ ತಲೆಯೆತ್ತಲಿಲ್ಲ. ಇಡಾಲಿನಾ ಗಾಲಿ ಕುರ್ಚಿಯ ಹಿಡಿ ಬಿಟ್ಟು ಆ ಕಡೆ ತಿರುಗಿದಳು. ಮೈದಾನ ಬೆಳ್ಳಗೆ, ಸದ್ದಿಲ್ಲದೆ ತೇಲುತ್ತಿತ್ತು.

ನಾನು ಟೇಪು ಸುತ್ತಿಕೊಂಡೆ. ನಗರಸಭೆಯ ಕಡತದಲ್ಲಿ ಐವತ್ತಾರು ಅಡಿ ಎರಡು ಅಂಗುಲ ಎಂದೇ ಬರೆದೆ. ಅದನ್ನು ಕ್ಲಬ್ಬಿನವರು ಯಾರೂ ತೆರೆಯುವುದಿಲ್ಲ. ಕ್ಲಬ್ಬಿನ ಪುಸ್ತಕದ ಅರ್ಧ ಪುಟದಲ್ಲಿ ಅಂತಿಮ ಪಂದ್ಯಕ್ಕೆ ಒಂದೇ ವಾಕ್ಯ ಕೊಟ್ಟೆ: ಆ ದಿನ ಎಂಬತ್ತೆಂಟು ನಿಮಿಷ ಅವನನ್ನು ಯಾರೂ ದಾಟಲಿಲ್ಲ.