ಗಿಣಿಯ ಬಾಲದ ಎರಡು ಗರಿ

ಮೊಮ್ಮಗಳು ಪೆನ್ಸಿಲ್ ಹೆರೆದು ಸಿಪ್ಪೆಯನ್ನು ನನ್ನ ಮಡಿಲಿಗೇ ಉದುರಿಸಿದಳು. ಆ ಕಟ್ಟಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಟಗೇರಿಯ ನಮ್ಮ ಓಣಿಯ ನಕ್ಷೆ ಮಾಸ್ತರು ನೆನಪಾದರು. ಅರವತ್ತು ವರ್ಷದ ಹಿಂದಿನ ಮಾತು...

ಎದುರು ಮನೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಸೀರೆಯ ದಡಿ, ಅಂದರೆ ಅಂಚಿನ ಚಿತ್ರವನ್ನು ಚೌಕದ ಹಾಳೆಯ ಮೇಲೆ ಬರೆದು ನೇಕಾರರಿಗೆ ಕೊಡುವುದು ಅವರ ಕೆಲಸ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಮಗ್ಗಕ್ಕೆ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಚಿತ್ರ ಕಲಿಸಿರಿ ಎಂದು ನಾನೇ ಬೆನ್ನು ಹತ್ತಿದೆ. ಒಪ್ಪಿದರು. ಏನೂ ಕೊಡುವುದು ಬೇಡ ಎಂದರು. ಸಂಶಯ ಹುಟ್ಟಿದ್ದೇ ಅಲ್ಲಿ.

“ಪುಕ್ಕಟ ಯಾರ ಕಲಸ್ತಾರ ಹುಡುಗಿ? ನಮ್ಮ ಗಿಣಿ ದಡಿ ಮ್ಯಾಲ ಕಣ್ಣೈತಿ ಅವಂದು,” ಎಂದಳು ಅವ್ವ.

ಗಿಣಿ ಚಿತ್ರದ ಆ ದಡಿ ಅಪ್ಪ ತಾನೇ ಹೊಂದಿಸಿದ್ದು. ಅದು ಮತ್ತೊಬ್ಬರ ಮಗ್ಗಕ್ಕೆ ಹೋದರೆ ನಮ್ಮ ಒಲೆ ಆರಿದಂತೆಯೇ.

“ಹೋಗು, ಕಲಿ. ಆದ್ರ ಅವನ ಕೈ ಮ್ಯಾಲ ನಿಗಾ ಇಡು,” ಎಂದಳು ಮತ್ತೆ.

ಇಟ್ಟೆ.

ಮಾಸ್ತರು ಎಂಟು ದಿನ ಪೆನ್ಸಿಲ್ ಮುಟ್ಟಿಸಲಿಲ್ಲ. ನೀರಿನ ಕೊಡ ಎದುರಿಗಿಟ್ಟು ನೋಡು ಎನ್ನುವರು. ಆಮೇಲೆ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಕೊಡ ಹೇಗಿದೆ ಹೇಳು ಎನ್ನುವರು.

“ದುಂಡಗ ಐತ್ರಿ,” ಎಂದೆ ಮೊದಲ ದಿನ.

“ಅದು ಕುರುಡಂಗೂ ಗೊತ್ತೈತಿ. ನೀ ನೋಡಿದ್ದು ಹೇಳು.”

ಎಂಟನೆಯ ದಿನಕ್ಕೆ ಕಂಠದ ಬಳಿಯ ತಗ್ಗು, ತಳದ ಬೆಸುಗೆ, ನೆರಳು ಬಿದ್ದ ಕಡೆ, ಎಲ್ಲ ಹೇಳಿದೆ. ಕಣ್ಣು ತೆರೆದದ್ದು ಸುಳ್ಳಲ್ಲ. ಪೆನ್ಸಿಲ್ ಕೈಗೆ ಬಂತು.

“ನಿಮ್ಮ ಮನ್ಯಾಗ ದಿನಾ ನೋಡೂದು ಏನರ ಒಂದು ಬರಕೊಂಡು ಬಾ,” ಎಂದರು.

ಬಂತು ನೋಡು ಅಸಲು ಮಾತು, ಎಂದುಕೊಂಡೆ. ದಿನಾ ನೋಡುವುದೆಂದರೆ ಗಿಣಿಯೇ. ನಾನೂ ಕಡಿಮೆ ಇರಲಿಲ್ಲ. ಬಾಲದ ಐದು ಗರಿಯಲ್ಲಿ ಎರಡನ್ನು ಬಿಟ್ಟು ಬರೆದೆ. ಮೂರು ಗರಿಯ ಗಿಣಿ ಯಾರದಾದರೂ ಸೀರೆಯಲ್ಲಿ ಕಂಡರೆ ಕಳ್ಳ ಸಿಕ್ಕಂತೆ.

ಮಾಸ್ತರು ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಇನ್ನೆರಡು ಗರಿ ಎಲ್ಲಿ?”

“ನಿಮಗ ಹೆಂಗ ಗೊತ್ರಿ?” ಎಂದೆ.

“ನಿಮ್ಮವ್ವ ದಿನಾ ಆ ಸೀರಿ ಉಟಗೊಂಡ ನೀರಿಗೆ ಬರತಾಳ. ಕದಿಯೂದಿದ್ರ ನಿನ್ನ ಕಡಿಂದ ಯಾಕ ಬರಸಬೇಕಿತ್ತು? ನೀ ಒಲಿ ಬರಕೊಂಡು ಬರತಿ ಅಂತ ನಾ ತಿಳದಿದ್ದೆ, ಹುಚ್ಚಿ.”

ಅಲ್ಲಿಗೇ ಸುಮ್ಮನಿರಬೇಕಿತ್ತು. ಇರಲಿಲ್ಲ. ಮನೆಗೆ ಬಂದು, ಅವರಿಗೆ ಐದು ಗರಿಯೂ ಗೊತ್ತು ಎಂದಷ್ಟೇ ಹೇಳಿದೆ. ಉಳಿದದ್ದು ಹೇಳಲಿಲ್ಲ. ಅಪ್ಪ ಅವರ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕಳ್ಳನೆಂದ. ಆಮೇಲೆ ಯಾವ ನೇಕಾರನೂ ಅವರ ಮೆಟ್ಟಿಲು ಹತ್ತಲಿಲ್ಲ. ತಿಂಗಳೊಳಗೆ ಮನೆ ಖಾಲಿ ಮಾಡಿದರು. ಲಕ್ಷ್ಮೇಶ್ವರಕ್ಕೆ ಹೋದರೆಂದರು ಕೆಲವರು... ಮತ್ತೆ ಖಬರು ಬರಲಿಲ್ಲ.

ಮದುವೆಯಾದ ಮೇಲೂ ವರ್ಷಗಟ್ಟಲೆ ಗದಗದ ಸೀರೆ ಅಂಗಡಿಗಳ ಮುಂದೆ ನಿಂತು ಬೇರೆಯವರ ಮಗ್ಗದ ಗಿಣಿಯನ್ನು ಹುಡುಕಿದೆ. ಮೂರು ಗರಿಯದೂ ಕಾಣಲಿಲ್ಲ, ಐದು ಗರಿಯದೂ ಕಾಣಲಿಲ್ಲ.

ಇವತ್ತು ಮೊಮ್ಮಗಳ ಪೆನ್ಸಿಲ್ ಇಸಿದುಕೊಂಡು ಮಾಸ್ತರನ್ನು ಬರೆಯಲು ಕುಳಿತೆ. ಕೊಡ ಬಂತು, ತಗ್ಗು ಸಮೇತ. ಕೈ ಬಂತು, ಹೆಬ್ಬೆರಳಿನ ಒಡೆದ ಉಗುರೂ ಬಂತು.

“ಮಾರಿ ಯಾಕ ಖಾಲಿ ಬಿಟ್ಟೀ ಆಯಿ?” ಎಂದಳು ಮೊಮ್ಮಗಳು.

ಮುಖ ನೋಡಿದ್ದರೆ ತಾನೆ ಬರುವುದು... ಅಷ್ಟು ದಿನ ಎದುರಿಗೆ ಕುಳಿತು ನಾನು ಕಾವಲು ಕಾದದ್ದು ಅವರ ಕೈಯನ್ನಷ್ಟೇ. ಈಗ ನೋಡೋಣವೆಂದರೆ ಅವರಿಲ್ಲ.