ಪೈಲಟ್ ಹುಡುಗಿ ಮುಟ್ಟದ ನೀರು

ಆಗೆಲ್ಲ ಭತ್ತದ ಕೊಯ್ಲು ಮುಗಿಯಿತೆಂದರೆ ಗದ್ದೆಗಳು ಮಕ್ಕಳ ಪಾಲು. ಹರಿಹರದ ಪಕ್ಕದ ನಮ್ಮೂರಿನಲ್ಲಿ ಹುಲ್ಲಿನ ವಾಸನೆಯ ನಡುವೆ, ಕೂಳೆ ಚುಚ್ಚಿಸಿಕೊಳ್ಳುತ್ತಾ ಚಿಣ್ಣಿ-ದಾಂಡು ಆಡುತ್ತಿದ್ದೆವು. ನನ್ನ ಲಂಗದ ಮಡಿಲಲ್ಲಿ ಸದಾ ಒಗ್ಗರಣೆ ಮಂಡಕ್ಕಿ. ಅಂಥದ್ದೊಂದು ಮಧ್ಯಾಹ್ನ, ತರಬೇತಿಯ ಪುಟ್ಟ ವಿಮಾನವೊಂದು ಎಂಜಿನ್ ಕೆಟ್ಟು ನಮ್ಮ ಗದ್ದೆಗೇ ಇಳಿಯಿತು. ಬದುವಿಗೆ ಬಡಿದು ಮುಂದಿನ ಚಕ್ರ ಮುರಿಯಿತು, ಮೂತಿ ಮಣ್ಣಿಗೆ ಊರಿತು. ಪುಣ್ಯಕ್ಕೆ ಒಳಗಿದ್ದ ಇಬ್ಬರಿಗೂ ಏನೂ ಆಗಲಿಲ್ಲ. ಕಲಿಸುವ ಸರ್ ಫೋನು ಹಿಡಿದು ಅಲ್ಲೇ ನಿಂತರು. ಕಲಿಯುವ ಹುಡುಗಿ ಬಿಸಿಲಲ್ಲೇ ಬದುವಿನ ಮೇಲೆ ಕುಳಿತುಬಿಟ್ಟಳು. ಅವ್ವ ಅವಳ ಕೈ ಹಿಡಿದು ಮನೆಗೆ ಕರೆತಂದಳು. ಹಿಂದೆಯೇ ಅರ್ಧ ಊರು ಬಂತು.

ಪೈಲಟ್ ನಮ್ಮ ಮನೆಗೇ ಬಂದಳೆಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪ ಫ್ಯಾನು ಹಾಕಿ, "ಕೂಡ್ರಿ ಮೇಡಂ, ನಿಮ್ಮನೇ ಅನ್ಕೊಳ್ರಿ" ಎಂದ. ಅವ್ವ ಬೆಲ್ಲ, ಚೊಂಬು ನೀರು ತಂದಿಟ್ಟಳು. ಹುಡುಗಿಯ ತುಟಿ ಒಣಗಿತ್ತು, ಆದರೂ ನೀರು ಮುಟ್ಟಲಿಲ್ಲ.

"ಬಿಸಿಲಾಗೆ ಬಂದೀರಿ, ಒಂದ್ ಗುಟುಕು ಕುಡೀರಿ" ಎಂದ ಅಪ್ಪ.

ಅವಳು ತಲೆ ತಗ್ಗಿಸಿದಳು. ಅಪ್ಪನಿಗೆ ತಿಳಿಯದ್ದು ಅವ್ವನಿಗೆ ತಿಳಿಯಿತು. ಬಗ್ಗಿ ಕಿವಿಯಲ್ಲಿ ಏನೋ ಕೇಳಿದಳು.

"ಹೌದು ಆಂಟಿ, ಬೆಳಗಿನಿಂದ ಹೋಗಿಲ್ಲ. ಬಾತ್‌ರೂಮ್ ಎಲ್ಲಿದೆ?"

ಇತ್ತು. ಪಂಚಾಯ್ತಿ ದುಡ್ಡಿನಲ್ಲಿ ಹಿತ್ತಲಲ್ಲಿ ಕಟ್ಟಿಸಿದ್ದು, ಗೋಡೆ ಮೇಲೆ ಅಪ್ಪನ ಹೆಸರೂ ಇತ್ತು. ಆದರೆ ಕಟ್ಟಿದ ದಿನದಿಂದ ಅದರೊಳಗೆ ಗೊಬ್ಬರದ ಚೀಲ, ಕುಳ್ಳು, ಔಷಧಿ ಹೊಡೆಯುವ ಪಂಪು. ಅವ್ವ, ನಾನು ಕತ್ತಲಾದ ಮೇಲೆ ಚಾನಲ್ ದಂಡೆಗೆ ಹೋಗುತ್ತಿದ್ದೆವು. ಅದಕ್ಕೇ ಅವ್ವ ಹಗಲಲ್ಲಿ ನೀರು ಕುಡಿಯುತ್ತಿದ್ದದ್ದು ಕಡಿಮೆ.

ಅಪ್ಪ ಚೀಲಗಳನ್ನು ಎಳೆದೆಳೆದು ಹಾಕತೊಡಗಿದ. "ಆತು ಮೇಡಂ, ಆತು." ಊರವರು ಬೇಲಿಯ ಮೇಲಿಂದ ನೋಡುತ್ತಿದ್ದರು. ಹುಡುಗಿ ಬಾಗಿಲಲ್ಲಿ ಕಾಲು ಬಿಗಿಹಿಡಿದು ನಿಂತಿದ್ದಳು. ನಾಚಿಕೆಯಿಂದ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವ್ವ ಕೊಡ ನೀರು ಸುರಿದು, ತೊಳೆದು, ಅವಳನ್ನು ಒಳಗೆ ಕಳಿಸಿದಳು.

ಹೊರಬಂದವಳೇ ಆ ಚೊಂಬನ್ನೆತ್ತಿ ಗಟಗಟ ಕುಡಿದಳು. ಅಪ್ಪನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಜೀಪು ಅವಳನ್ನು ಕರೆದೊಯ್ದ ಮೇಲೆ ಅಪ್ಪ ಮತ್ತೆ ಚೀಲಕ್ಕೆ ಕೈ ಹಾಕಿದ.

"ಇರ್ಲಿ ಬಿಡ್ರಿ, ಹೆಂಗೂ ಖಾಲಿ ಐತೆ" ಎಂದಳು ಅವ್ವ.

"ಮಳೆ ಬಂದ್ರೆ ಗೊಬ್ಬರ ನೆನಿತೈತೆ."

ಅವ್ವ ಚೀಲದ ಇನ್ನೊಂದು ತುದಿ ಹಿಡಿದಳು. ಮಧ್ಯಾಹ್ನದ ನಾಚಿಕೆಯನ್ನು ಆಮೇಲೆ ಎಷ್ಟೋ ಸಲ ನಗುತ್ತಾ ಹೇಳಿಕೊಂಡಿದ್ದೇವೆ. ಸಂಜೆಯ ಈ ನಾಚಿಕೆಯನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಈಗ ಆ ಗದ್ದೆ ಸೈಟುಗಳಾಗಿದೆ. ಅಲ್ಲಿ ಹುಲ್ಲಿನ ವಾಸನೆಯೂ ಇಲ್ಲ, ಚಿಣ್ಣಿ-ದಾಂಡೂ ಇಲ್ಲ. ದಾವಣಗೆರೆಯ ನನ್ನ ಮನೆಯಲ್ಲಿ ಎರಡು ಬಾತ್‌ರೂಮ್ ಇವೆ. ಅವ್ವ ಬಂದಾಗ ಮಂಡಕ್ಕಿ-ಮಿರ್ಚಿ ತರಿಸುತ್ತೇನೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಒಂದೇ ಗುಟುಕು ಕುಡಿದು ಲೋಟ ಕೆಳಗಿಡುತ್ತಾಳೆ.

"ಸಾಕು ಬಿಡು ಮಗಳೇ. ಇನ್ನೂ ಕತ್ಲಾಗಿಲ್ಲ."