ಬಯಕೆಯ ಮರುದಿನ

ಮೊನ್ನೆ ಕುಂದಾಪುರದಿಂದ ಬ್ರಹ್ಮಾವರಕ್ಕೆ ಬರುವ ಬಸ್ಸಿನಲ್ಲಿ ಹೆಂಗಸೊಬ್ಬರು ಕಾಲ ಬುಡದಲ್ಲಿ ದೊಡ್ಡ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಹಲಸಿನ ಎಲೆಯಲ್ಲಿ ಬೇಯಿಸಿದ ಕಡುಬು, ಕೋಳಿ ಸುಕ್ಕ. ಬಸುರಿ ಮಗಳ ಬಯಕೆ ಊಟಕ್ಕೆ ಹೊರಟವರು. ಕುಂಭಾಶಿ ದಾಟುವಷ್ಟರಲ್ಲಿ ಆ ಪರಿಮಳ ಬಸ್ಸೆಲ್ಲ ತುಂಬಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ...

ನಮ್ಮೂರು ಕೋಡಿಯಲ್ಲಿ ಪಕ್ಕದ ಮನೆಗೆ ಬೈಂದೂರು ಕಡೆಯಿಂದ ಮದುವೆಯಾಗಿ ಬಂದವಳೊಬ್ಬಳಿದ್ದಳು. ಅವಳನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ನನಗಿಂತ ಸ್ವಲ್ಪ ದೊಡ್ಡವಳು, ಅಷ್ಟೆ. ಅವಳ ಗಂಡ ಮೀನು ಹಿಡಿಯಲು ಬೋಟಿಗೆ ಹೋಗುವವನು. ನಾನು, ಅಮ್ಮ ಮೀನು ಬುಟ್ಟಿ ಹೊತ್ತು ಓದಿಸಿದ ಮಗಳು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳು. ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆಗ ಆಹಾರ, ಪೋಷಣೆಯ ವಿಷಯದಲ್ಲಿ ಮುಂದಕ್ಕೆ ಓದುತ್ತಿದ್ದೆ.

ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಗರ್ಭಿಣಿಯರು ಹಿಂದಿನ ದಿನ ಏನೇನು ತಿಂದರು ಎಂದು ಕೇಳಬೇಕು. ಅಳತೆಯ ಬಟ್ಟಲು ತೋರಿಸಿ ಎಷ್ಟೆಂದು ತಿಳಿಯಬೇಕು. ದೇಶದ ಆಹಾರ ಮಾರ್ಗಸೂಚಿ ಬಸುರಿಗೆ ಹೇಳಿದ ಕಾಳು, ಸೊಪ್ಪು, ಹಾಲು, ಹಣ್ಣು, ಮೊಟ್ಟೆ, ಮೀನಿನ ಜೊತೆ ಅದನ್ನು ಹೋಲಿಸಬೇಕು. ಅತ್ತಿಗೆಗೆ ಆಗ ಏಳು ತಿಂಗಳು. ಹೋದಾಗಲೆಲ್ಲ ಇವತ್ತು ಬೇಡ, ಇನ್ನೊಂದು ದಿನ ಬಾ ಎಂದು ಕಳಿಸುತ್ತಿದ್ದಳು. ಕೊನೆಗೆ ಅವಳೇ ಕರೆದಳು. ಅದು ಅವಳ ಬಯಕೆಯ ಮರುದಿನ.

ಒಂದೂ ಬಿಡದೆ ಹೇಳಿದಳು. ಕೋಳಿ, ಕಡುಬು, ಮೊಟ್ಟೆ, ಬಸಳೆ, ಹೆಸರುಬೇಳೆ ಪಾಯಸ, ಬಾಳೆಹಣ್ಣು. ಮಾರ್ಗಸೂಚಿ ಕೇಳುವ ಯಾವುದೂ ಕಡಿಮೆ ಇರಲಿಲ್ಲ. ಹಬ್ಬದೂಟ ಲೆಕ್ಕಕ್ಕೆ ಬರುವುದಿಲ್ಲ, ಮಾಮೂಲಿ ದಿನದ್ದು ಹೇಳು ಎಂದೆ.

"ನಿನ್ನೆದೇ ಬರಿ, ಹೆಣೆ. ನಿಂಗ್ ಮಾರ್ಕ್ ಬಪ್ಪುದ್ ಬ್ಯಾಡ್ದಾ?" ಎಂದು ನಕ್ಕಳು.

ಆಮೇಲೆ ಬಾಗಿಲ ಕಡೆ ನೋಡಿದಳು. ಹೊರಗೆ ಅವಳ ಅತ್ತೆ ಮೀನು ಒಣಗಿಸುತ್ತಿದ್ದರು. ನನ್ನ ಬಟ್ಟಲುಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಬೆರಳಿನಿಂದ ಮುಟ್ಟಿದಳು. ಮಾಮೂಲಿ ದಿನ ಗಂಜಿ ಅಷ್ಟೇ. ಜೊತೆಗೆ ಉಪ್ಪಿನಕಾಯಿ, ಮೀನು ಸಾರಿನ ನೀರು.

"ಎರಡ್ ಕಡ್ಬ್ ಅಕ್ಕಿ ಡಬ್ಬಿಯೊಳ್ಗೆ ಹುಗ್ಸಿ ಇಟ್ಟಿದ್ದೆ. ಬೆಳಿಗ್ಗೆ ತಿಂದೆ," ಎಂದಳು, ಮೆಲ್ಲಗೆ.

ಅತ್ತೆ ಕೆಟ್ಟವರಲ್ಲ. ಅವರ ತಂಗಿ ಹೆರಿಗೆಯಲ್ಲಿ ಹೋದವಳು. ಶಿಶು ದೊಡ್ಡದಾಗಿತ್ತಂತೆ. ಆ ಹೆದರಿಕೆಗೇ ಸೊಸೆಯ ಊಟ ಕಡಿಮೆ ಮಾಡಿದ್ದರು. ಅವತ್ತೇ ಅವರ ಪಕ್ಕ ಕೂತು ನನಗೆ ತಿಳಿದದ್ದೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ನೀ ಓದಿದ್ದ್ ಹೌದ್ ಮಗಾ. ಹೆತ್ತದ್ ನಾನ್," ಎಂದರು.

ಮತ್ತೊಮ್ಮೆ ಅಂಗನವಾಡಿ ಟೀಚರನ್ನೂ ಕರೆದುಕೊಂಡು ಹೋದೆ. ಅಷ್ಟರಲ್ಲಿ ರೂಢಿಯಂತೆ ತವರಿನವರು ಅವಳನ್ನು ಕರೆದುಕೊಂಡು ಹೋಗಿದ್ದರು. ಉಣ್ಣುವುದರಲ್ಲಿ ಜಾಗ್ರತೆ ಎಂಬ ಅತ್ತೆಯ ಮಾತೂ ಅವಳ ಜೊತೆಗೇ ಬೈಂದೂರಿಗೆ ಹೋಗಿತ್ತು.

ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲವಂತೆ. ಮೈಯಲ್ಲಿ ಮೊದಲೇ ರಕ್ತ ಇರಲಿಲ್ಲ ಎಂದರಂತೆ ಡಾಕ್ಟರು. ಕೂಸು ಮಾತ್ರ ಉಳಿಯಿತು. ಅತ್ತೆ ಬಯಸಿದ ಹಾಗೆ ಸಣ್ಣದೇ ಇತ್ತು...

ಈಗ ಬ್ರಹ್ಮಾವರದ ಆಸ್ಪತ್ರೆಯಲ್ಲಿ ಬಸುರಿಯರಿಗೆ ಊಟದ ಬಗ್ಗೆ ಹೇಳುವುದೇ ನನ್ನ ಕೆಲಸ. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ನಿನ್ನೆ ಏನು ಉಂಡೆ ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ. ಕೆಲವರು ಮೊದಲು ಬಾಗಿಲ ಕಡೆ ನೋಡುತ್ತಾರೆ. ಹಾಗೆ ನೋಡಿದವರ ಮುಖ ಸಂಜೆಗೆ ನೆನಪಿರುವುದಿಲ್ಲ. ನೆನೆಯಹೋದರೆ ಎದುರಿನ ಕುರ್ಚಿಯಲ್ಲಿ ಅತ್ತಿಗೆಯೇ ಕೂತಿರುತ್ತಾಳೆ.